ಹಿಮಕೋತಿ ನೋಡಲು ಹೋಗುವವರು ಯುದಾನಕಾವರೆಗೆ ರೈಲಿನಲ್ಲೇ ಹೋಗಿ

ಚಳಿಗಾಲದಲ್ಲಿ ಜಪಾನಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ಬಿಸಿನೀರಲ್ಲಿ ಕೂತ ಕೋತಿಗಳು ಇದ್ದೇ ಇರುತ್ತವೆ. ಬಹಳಷ್ಟು ಜನ ನಾಗಾನೊ ನಗರದಲ್ಲಿ ನೇರ ಬಸ್ಸು ಹತ್ತಿ, ಫೋಟೊ ತೆಗೆದು, ರಾತ್ರಿಯೊಳಗೆ ಟೋಕಿಯೊ ಸೇರಿಬಿಡುತ್ತಾರೆ. ಈ ಅವಸರದಲ್ಲಿ ಕೈತಪ್ಪುವುದು ಯುದಾನಕಾ ಎಂಬ ಪುಟ್ಟ ಕೊನೆಯ ನಿಲ್ದಾಣ. ಕೋತಿಗಳಷ್ಟೇ ಅದೂ ನೋಡತಕ್ಕದ್ದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಾಗಾನೊ ಎಲೆಕ್ಟ್ರಿಕ್ ರೈಲ್ವೆ ಎಂಬ ಖಾಸಗಿ ಕಂಪನಿಯ 33.2 ಕಿ.ಮೀ. ದಾರಿ ಇಲ್ಲಿಗೆ ಮುಗಿಯುತ್ತದೆ. ನಿಲ್ದಾಣ ಶುರುವಾದದ್ದು 1927ರಲ್ಲಿ. ಶಿನ್ಶು-ನಕಾನೊ ನಿಲ್ದಾಣ ದಾಟಿದ ಮೇಲೆ ಉಳಿಯುವ 7.6 ಕಿ.ಮೀ. ಪೂರಾ ಹತ್ತುದಾರಿ, ಕೆಲವೆಡೆ ಏರು 25ಕ್ಕೆ 1, ಅಂದರೆ 25 ಮೀಟರ್ ಸಾಗಿದರೆ 1 ಮೀಟರ್ ಮೇಲಕ್ಕೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯದ್ದು 50ಕ್ಕೆ 1 ಅಂದರೆ ಲೆಕ್ಕ ಹಾಕಿ.

ಇಂಥ ಇಳಿಜಾರಿನ ನೆತ್ತಿಯಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ. ಹಾಗಾಗಿ ಮೂರು ಬೋಗಿಯ ಗಾಡಿ ಮೊದಲು ಪ್ಲಾಟ್‌ಫಾರ್ಮ್ ದಾಟಿ ಮುಂದೆ ಹೋಗಬೇಕಿತ್ತು. ರಸ್ತೆಯ ಲೆವೆಲ್ ಕ್ರಾಸಿಂಗ್ ಆಚೆಗಿನ ತುಂಡು ಹಳಿಯಲ್ಲಿ ನಿಂತು, ಹಳಿ ಬದಲಿಸುವ ಪಾಯಿಂಟ್ ತಿರುಗಿದ ಮೇಲೆ ಹಿಮ್ಮುಖವಾಗಿ ಬಂದು ನಿಲ್ಲುತ್ತಿತ್ತು. ಅಷ್ಟು ಹೊತ್ತೂ ಗೇಟಿನ ಎರಡೂ ಕಡೆ ವಾಹನಗಳು ಕಾಯಬೇಕು. 2006ರಲ್ಲಿ ಹಳಿಯನ್ನೇ ಮರುಜೋಡಿಸಿ ಈ ಪಾಡು ತಪ್ಪಿಸಿದರು. ಅದೇ ಡಿಸೆಂಬರಿನಲ್ಲಿ ‘ಯುಕೆಮುರಿ’ ಎಕ್ಸ್‌ಪ್ರೆಸ್ ಬಂತು. ಟೋಕಿಯೊದಿಂದ ಹಕೋನೆಯ ಬಿಸಿನೀರ ಬುಗ್ಗೆಗಳಿಗೆ ಓಡುತ್ತಿದ್ದ ಒಡಾಕ್ಯು ಕಂಪನಿಯ 11 ಬೋಗಿಯ ಗಾಡಿಯನ್ನು 4 ಬೋಗಿಗೆ ಇಳಿಸಿ ತಂದದ್ದು. ಚಾಲಕ ಮೇಲಿನ ಅಟ್ಟದಲ್ಲಿ ಕೂರುತ್ತಾನೆ, ಮೂತಿಯ ಗಾಜಿನ ಹಿಂದಿನ ಸೀಟುಗಳು ಪ್ರಯಾಣಿಕರಿಗೆ. 2011ರಲ್ಲಿ ಸೇರಿದ ‘ಸ್ನೋ ಮಂಕಿ’ ಕೂಡ ಹಳೆಯ ನರಿತಾ ವಿಮಾನ ನಿಲ್ದಾಣದ ಎಕ್ಸ್‌ಪ್ರೆಸ್ಸೇ. ದೊಡ್ಡವರು ಬಿಟ್ಟುಕೊಟ್ಟ ಗಾಡಿಗೆ ತಕ್ಕಂತೆ ತನ್ನ ದಾರಿಯನ್ನು ಹೊಂದಿಸಿಕೊಂಡ ಈ ಸಣ್ಣ ಕಂಪನಿಯ ಜಾಣ್ಮೆ ನನಗೆ ತುಂಬಾ ಹಿಡಿಸುತ್ತದೆ.

ಹಳೆಯ ಮರದ ನಿಲ್ದಾಣವನ್ನೂ ಕೆಡವಿಲ್ಲ. ಅದರ ಪಕ್ಕದಲ್ಲೇ ‘ಕಾಯೆದೆ ನೊ ಯು’ ಎಂಬ ಸ್ನಾನಗೃಹವಿದೆ, ಹೊರಗೆ ಕಾಲು ಇಳಿಬಿಟ್ಟು ಕೂರುವ ಬಿಸಿನೀರ ತೊಟ್ಟಿಯಿದೆ. ಮುಂದಿನ ಗಾಡಿಗೆ ಮುಕ್ಕಾಲು ಗಂಟೆ ಇದ್ದರೆ ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಬಸ್ಸು ಬೇಡ ಅನ್ನಲು ಇನ್ನೊಂದು ಕಾರಣವಿದೆ. 1962ರಿಂದ 1982ರವರೆಗೆ ಟೋಕಿಯೊದ ಉಎನೊ ನಿಲ್ದಾಣದಿಂದ ಯುದಾನಕಾಕ್ಕೆ ನೇರ ಎಕ್ಸ್‌ಪ್ರೆಸ್ ಓಡುತ್ತಿತ್ತು, ಇದೇ ಕಂಪನಿಯ ಯಾಶಿರೊ ಕವಲುದಾರಿಯ ಮೂಲಕ. ಆ ಕವಲು 2012ರಲ್ಲಿ ಮುಚ್ಚಿತು. ಕಿಜಿಮಾ ಕವಲು ಅದಕ್ಕೂ ಮೊದಲೇ, 2002ರಲ್ಲಿ ಹೋಯಿತು. ಈ ಕಂಪನಿಗೆ ಉಳಿದಿರುವುದು ಇದೊಂದೇ ದಾರಿ. ಪ್ರವಾಸಿಗರು ಕೊಳ್ಳುವ ಒಂದೊಂದು ಟಿಕೆಟ್ಟೂ ಅದಕ್ಕೆ ಲೆಕ್ಕಕ್ಕೆ ಬರುತ್ತದೆ.

ಇನ್ನು ಹೋಗುವ ಬಗೆ. ನಾಗಾನೊದಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಇಳಿದು ಜೆನ್ಕೋಜಿ ದೇವಾಲಯದ ಕಡೆಯ ಬಾಗಿಲಿಂದ ಹೊರಬನ್ನಿ. ಈ ರೈಲಿನ ನಿಲ್ದಾಣ ನೆಲದಡಿಯಲ್ಲಿದೆ. ಪ್ರವಾಸಿಗರು ಕೊಳ್ಳುವ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಇಲ್ಲಿ ನಡೆಯುವುದಿಲ್ಲ. ನಮ್ಮವರು ಮೋಸಹೋಗುವುದು ಇಲ್ಲೇ: ಪಾಸ್ ತೋರಿಸಿ ವಾದ ಮಾಡುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಕೈಯಲ್ಲಿ ನಗದು ಯೆನ್ ಇರಲಿ. ಎಕ್ಸ್‌ಪ್ರೆಸ್ಸಿಗೆ ಟಿಕೆಟ್ಟಿನ ಮೇಲೆ ಸಣ್ಣ ಹೆಚ್ಚುವರಿ ದರ ಉಂಟು, ಸುಮಾರು ಮುಕ್ಕಾಲು ಗಂಟೆಯಲ್ಲಿ ತಲುಪುತ್ತೀರಿ. ಲೋಕಲ್ ಹಿಡಿದರೆ ಸಾಮಾನ್ಯವಾಗಿ ಶಿನ್ಶು-ನಕಾನೊದಲ್ಲಿ ಗಾಡಿ ಬದಲಿಸಬೇಕು.

ಯುದಾನಕಾದಿಂದ ಕೋತಿಗಳ ಜಿಗೊಕುದಾನಿಗೆ ಹೋಗಲು ಮೊದಲು ಸ್ವಲ್ಪ ದೂರ ಬಸ್ಸು, ಆಮೇಲೆ 1.6 ಕಿ.ಮೀ. ಕಾಡುದಾರಿಯ ನಡಿಗೆ. ತುಳಿದು ಗಟ್ಟಿಯಾದ ಹಿಮ ಗಾಜಿನಂತೆ ಜಾರುತ್ತದೆ; ಬೆಂಗಳೂರಿನ ಸ್ನೀಕರ್ಸ್ ಸಾಲದು, ಹಿಡಿತವಿರುವ ಅಡಿಯ ಬೂಟೇ ಬೇಕು. ಕೋತಿಗಳು ಕಾಡಿನವು. ನೀರಿಗಿಳಿಯುವುದು ಚಳಿಗೆ, ಆದ್ದರಿಂದ ಜನವರಿ-ಫೆಬ್ರವರಿಯೇ ವಾಸಿ. ಬೇಸಿಗೆಯಲ್ಲಿ ಹೋಗಿ ಕೊಳ ಖಾಲಿ ಅಂತ ಬೇಸರಪಟ್ಟರೆ ಅದು ಕೋತಿಗಳ ತಪ್ಪಲ್ಲ.

ಆ ರಾತ್ರಿ ಪಕ್ಕದ ಶಿಬು ಎಂಬ ಬಿಸಿನೀರ ಬುಗ್ಗೆಯ ಊರಿನಲ್ಲಿ ತಂಗಿ. ಬೀದಿಯುದ್ದಕ್ಕೂ 9 ಸಾರ್ವಜನಿಕ ಸ್ನಾನದ ಮನೆಗಳಿವೆ. ತಂಗಿದವರಿಗೆ ಹೋಟೆಲಿನವರೇ ಬೀಗದ ಕೈ ಕೊಡುತ್ತಾರೆ. ನೀರು ವಿಪರೀತ ಬಿಸಿ. ಮೊದಲು ಮೈ ತೊಳೆದುಕೊಂಡು, ಬಕೆಟ್ಟಿನಿಂದ ಕಾಲಿಗೆ, ಸೊಂಟಕ್ಕೆ, ಹೆಗಲಿಗೆ ಹೊಯ್ದುಕೊಂಡು ಆಮೇಲೆ ಇಳಿಯಿರಿ. ತಾಳಲಾರದಷ್ಟಿದ್ದರೆ ತಣ್ಣೀರು ಬಿಡಬಹುದು, ಆದರೆ ಸ್ವಲ್ಪವೇ. ಪಕ್ಕದಲ್ಲಿ ಊರಿನವರಿದ್ದರೆ ಕೇಳಿ ಬಿಡಿ. ಟವೆಲ್ ನೀರಿಗೆ ಅದ್ದಬೇಡಿ. ಒಂಬತ್ತನ್ನೂ ಒಂದೇ ಸಂಜೆ ಮುಗಿಸುವ ಹಟ ಬೇಡ, ತಲೆ ಸುತ್ತುತ್ತದೆ. ಸಂಜೆಗೆ ಮೂರು ಸಾಕು, ಉಳಿದದ್ದು ಬೆಳಗಿನ ತಿಂಡಿಗೆ ಮುಂಚೆ.