ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ?

ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು? ತಾಲ್ಲೂಕು ಪಂಚಾಯಿತಿ ಸದಸ್ಯರು? ಬೆಳಗಾವಿ, ಬಾಗಲಕೋಟೆ, ವಿಜಯಪುರ, ನೀವು ಯಾವ ಜಿಲ್ಲೆಯವರೇ ಆಗಿರಿ, ಉತ್ತರ ಒಂದೇ. ಯಾರೂ ಇಲ್ಲ. ಕೊನೆಯ ಸಲ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಆಗ ಆರಿಸಿ ಬಂದವರ ಅವಧಿ 2021ರಲ್ಲೇ ಮುಗಿಯಿತು. 2025ರ ಕೊನೆಗೂ ಹೊಸ ಚುನಾವಣೆ ಆಗಿರಲಿಲ್ಲ. ಇಷ್ಟು ವರ್ಷ ಎರಡೂ ಪಂಚಾಯಿತಿಗಳು ಪೂರ್ತಿ ಅಧಿಕಾರಿಗಳ ಕೈಯಲ್ಲಿವೆ.

ರಾಜಕಾರಣಿಗಳು ಕೈಗೆ ಸಿಗಲ್ಲ, ಕೇಳಿದರೆ ಉತ್ತರ ಕೊಡಲ್ಲ ಅಂತ ನಾವೆಲ್ಲ ದಿನಾ ಬೈಯುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಕೈಗೆ ಸಿಗುತ್ತಿದ್ದವರನ್ನೇ ನಮ್ಮ ಕಣ್ಣೆದುರು ಇಲ್ಲದಂತೆ ಮಾಡಿದ್ದಾರೆ. ಅದಕ್ಕೆ ಮಾತ್ರ ಯಾರಿಗೂ ಸಿಟ್ಟು ಬಂದ ಹಾಗಿಲ್ಲ. ನನಗೆ ಬಂದಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2019ರ ಆಗಸ್ಟ್‌ನ ಪ್ರವಾಹ ಮರೆತಿಲ್ಲ ಅಲ್ವಾ? ಮಲಪ್ರಭೆ ಉಕ್ಕಿ ಬಂದಾಗ ರಾಮದುರ್ಗ ತಾಲ್ಲೂಕಿನ ನಮ್ಮ ಬೀಗರ ಊರಿನ ಜನ ಶಾಲೆಯ ಗಂಜಿ ಕೇಂದ್ರದಲ್ಲಿದ್ದರು. ಅಲ್ಲಿಗೆ ತಾಲ್ಲೂಕು ಪಂಚಾಯಿತಿ ಸದಸ್ಯರು ಬಂದರು. ಹೆಣ್ಣುಮಕ್ಕಳು ಸುತ್ತುಗಟ್ಟಿ ನಿಂತರು. "ಏನಪಾ ತಮ್ಮಾ, ಓಟ್ ಕೇಳಾಕ ಮನಿ ಮನಿ ತಿರಗಿದ್ಯಲ್ಲ, ಈಗ ಹುಡುಗರನ್ನ ಮಲಗಸಾಕ ಒಂದ್ ಚಾಪಿ ಇಲ್ಲ ನೋಡಿಲ್ಲಿ" ಅಂತ ಒಬ್ಬ ಅಜ್ಜಿ ದಬಾಯಿಸಿದಳು. ಆ ಮನುಷ್ಯ ಸುಮ್ನೆ ನಿಂತು ಕೇಳಿಸಿಕೊಂಡರು. ಸಂಜೆಗೆ ಟ್ರ್ಯಾಕ್ಟರ್‌ನಲ್ಲಿ ಚಾಪೆ, ಚಾದರ ಬಂದವು. ಅದೇನು ದೊಡ್ಡ ಕೆಲಸವಲ್ಲ. ಆದರೆ ಅವರು ಮರುದಿನವೂ ಅದೇ ಓಣಿಯಲ್ಲಿ ಓಡಾಡಬೇಕಿತ್ತು. ಅಜ್ಜಿಯ ಮಾತಿಗೆ ಬೆಲೆ ಬಂದಿದ್ದು ಅದರಿಂದ.

ಈಗ ಆ ಅಜ್ಜಿ ಯಾರನ್ನು ದಬಾಯಿಸಬೇಕು? ಬಿದ್ದ ಮನೆಯ ಪರಿಹಾರದ ಕಂತು ನಿಂತಿದೆ ಅಂತ ಕಚೇರಿಗೆ ಹೋದರೆ, "ಸಾಹೇಬ್ರು ಮೀಟಿಂಗ್‌ನಾಗ ಅದಾರ್ರಿ, ನಾಳೆ ಬರ್ರಿ" ಅನ್ನುತ್ತಾರೆ. ಸಾಹೇಬರಿಗೆ ಆಕೆಯ ಓಟು ಬೇಕಿಲ್ಲ. ಎರಡು ವರ್ಷಕ್ಕೆ ಅವರಿಗೆ ವರ್ಗಾವಣೆ.

ಬೆಳಗಾವಿಯ ಲೆಕ್ಕ ನೋಡಿ. 2011ರ ಜನಗಣತಿಯಲ್ಲೇ ಜಿಲ್ಲೆಯ ಜನಸಂಖ್ಯೆ ಸುಮಾರು 48 ಲಕ್ಷ. ಶಾಸಕರು 18 ಜನ. ಜಿಲ್ಲಾ ಪಂಚಾಯಿತಿಯಲ್ಲಿ 90 ಸದಸ್ಯರಿದ್ದರು, ತಾಲ್ಲೂಕು ಪಂಚಾಯಿತಿಯವರು ಬೇರೆ. ಅಥಣಿ ಕಡೆಯ ರೈತ ಒಂದು ಅರ್ಜಿ ಹಿಡಿದು ಬೆಳಗಾವಿಗೆ ಬಂದು ಹೋದರೆ ಅವತ್ತಿನ ದುಡಿಮೆ ಹೋಯಿತು. ಆ ಅರ್ಜಿ ಹೊತ್ತು ತರುತ್ತಿದ್ದವರು ಈ ಸದಸ್ಯರು. ಎಲ್ಲರೂ ಪ್ರಾಮಾಣಿಕರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಗುತ್ತಿಗೆದಾರರ ಜೊತೆ ಸೇರಿ ತಿಂದವರೂ ಇದ್ದರು. ಆದರೆ ಸಾಮಾನ್ಯ ಸಭೆ ಅಂತ ಒಂದು ನಡೆಯುತ್ತಿತ್ತು. ಶಾಲೆ ಕೋಣೆ ಸೋರುತ್ತಿದೆ, ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಇಲ್ಲ, ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದೆ ಅಂತ ಅಧಿಕಾರಿಗಳನ್ನು ಎಲ್ಲರೆದುರು ನಿಲ್ಲಿಸಿ ಕೇಳುತ್ತಿದ್ದರು. ಮರುದಿನ ಪೇಪರಿನಲ್ಲಿ ಬರುತ್ತಿತ್ತು. ಈಗಿನ ಸಭೆಗಳಲ್ಲಿ ಅಧಿಕಾರಿಗಳನ್ನು ಅಧಿಕಾರಿಗಳೇ ಕೇಳಬೇಕು.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಅದು ನಮ್ಮ ರಾಜ್ಯದ ಕಾನೂನು. ಜಿಲ್ಲೆಯ 18 ಶಾಸಕರಲ್ಲಿ ಮಹಿಳೆಯರು ಇಬ್ಬರೇ. ಗಂಡ ಕುರ್ಚಿಯಲ್ಲಿ ಕೂತು ಹೆಂಡತಿಯಿಂದ ಸಹಿ ಹಾಕಿಸಿದ್ದು ಎಷ್ಟೋ ಕಡೆ ಇತ್ತು, ಖರೆ. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ತಾವೇ ಎದ್ದು ಮಾತಾಡಲು ಕಲಿತವರೂ ಇದ್ದರು. ಆ ಕಲಿಕೆಯನ್ನೇ ನಿಲ್ಲಿಸಿಬಿಟ್ಟರು.

ಇದನ್ನು ಮಾಡಿದ್ದು ಯಾವ ಪಕ್ಷ? ಎರಡೂ. ಕ್ಷೇತ್ರಗಳ ಗಡಿ ಗುರುತಿಸುವ ಅಧಿಕಾರ ರಾಜ್ಯ ಚುನಾವಣಾ ಆಯೋಗದ ಬಳಿ ಇತ್ತು. 2021ರಲ್ಲಿ ಬಿಜೆಪಿ ಸರ್ಕಾರ ಕಾಯ್ದೆ ತಿದ್ದಿ ಅದನ್ನು ಕಿತ್ತುಕೊಂಡಿತು, ಬೇರೆ ಆಯೋಗ ಮಾಡಿತು. ವಿಳಂಬ ನೋಡಿ ಹೈಕೋರ್ಟ್ 2022ರಲ್ಲಿ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು. 2023ರಲ್ಲಿ ಕಾಂಗ್ರೆಸ್ ಬಂತು. ಚುನಾವಣೆ ಬರಲಿಲ್ಲ. ಕ್ಷೇತ್ರ ವಿಂಗಡಣೆ ಆದ ಮೇಲೆ ಮೀಸಲಾತಿ ಪಟ್ಟಿಯ ನೆಪ ಶುರುವಾಯಿತು. ಸದನದಲ್ಲಿ ಎಲ್ಲದಕ್ಕೂ ಕಿತ್ತಾಡುವ ಇವರು ಈ ಒಂದು ವಿಷಯದಲ್ಲಿ ಎಷ್ಟು ಹೊಂದಿಕೊಂಡಿದ್ದಾರೆ! ಅದೇ ಸದನದಲ್ಲಿ 2025ರ ಮಾರ್ಚ್‌ನಲ್ಲಿ, ಗದ್ದಲದ ನಡುವೆಯೇ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಮನಸ್ಸು ಮಾಡಿದರೆ ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಯಾಕೆ ಹೀಗೆ? ನನಗೆ ಕಾಣುವ ಕಾರಣ ಇದು. ಇವತ್ತಿನ ಜಿಲ್ಲಾ ಪಂಚಾಯಿತಿ ಸದಸ್ಯ ನಾಳೆ ಎಂಎಲ್‌ಎ ಟಿಕೆಟ್ ಕೇಳುತ್ತಾನೆ. ಊರಿಗೆ ಯಾವ ರಸ್ತೆ, ಯಾವ ಕೋಣೆ ಅಂತ ತೀರ್ಮಾನಿಸಲು ಇನ್ನೊಬ್ಬ ಪಾಲುದಾರ ಇರುವುದು ಯಾವ ಶಾಸಕರಿಗೂ ಬೇಕಿಲ್ಲ. ಈಗ ಎಲ್ಲ ಕಾಮಗಾರಿ ಅವರೊಬ್ಬರ ಕೈಯಿಂದಲೇ ಹಂಚಿಕೆಯಾಗುತ್ತದೆ, ಎಲ್ಲ ಫಲಕದ ಮೇಲೂ ಅವರದೇ ಫೋಟೋ. ನಷ್ಟ ನಮಗೆ. ಆರಿಸಿ ಬಂದ ಸದಸ್ಯರಿಲ್ಲದ ಪಂಚಾಯಿತಿಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನವೂ ಸಿಗುವ ಹಾಗಿರಲಿಲ್ಲ.

ಇದೇ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬ್ ಅಂತ ಒಬ್ಬ ಮಂತ್ರಿ ಇದ್ದರು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್‌ಸಾಬ್ ಅನಿಸಿಕೊಂಡವರು. ಅಧಿಕಾರವನ್ನು ಬೆಂಗಳೂರಿನಿಂದ ಹಳ್ಳಿಗೆ ಕಳಿಸಲು ಕಾನೂನು ತಂದು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಯುವ ಹಾಗೆ ಮಾಡಿದರು. ದೇಶವೇ ನಮ್ಮತ್ತ ನೋಡಿತ್ತು. 1992ರಲ್ಲಿ ಆ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. ಮತ್ತೆ ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದಿದ್ದು 1995ರಲ್ಲಿ. ಇಂಥ ವಿಳಂಬ ಎಲ್ಲೂ ಆಗಬಾರದು ಅಂತಲೇ, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯಲ್ಲಿ ಒಂದು ಸಾಲು ಇದೆ: ಪಂಚಾಯಿತಿಯ ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಇಷ್ಟು ಸ್ಪಷ್ಟವಾದ ಸಾಲನ್ನು ಮುರಿದರೂ ಯಾರ ಕುರ್ಚಿಯೂ ಅಲುಗಾಡಲಿಲ್ಲ.

ಸುಧಾರಣೆ ಅಂದ ಕೂಡಲೇ ದೊಡ್ಡ ದೊಡ್ಡ ಮಾತು ಬರುತ್ತವೆ. ನನಗೆ ಮೊದಲು ಬೇಕಾದದ್ದು ಇಷ್ಟೇ. ಕ್ಷೇತ್ರ ವಿಂಗಡಣೆ, ಮೀಸಲಾತಿ ಎರಡನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಕೊಡಿ. ಸರ್ಕಾರ ತಡ ಮಾಡಿದರೆ ಹಳೆಯ ಗಡಿಯಲ್ಲೇ ಚುನಾವಣೆ ಆಗಲಿ. ಚುನಾವಣೆ ನಡೆಯುವವರೆಗೆ ಆ ಜಿಲ್ಲೆಯ ಶಾಸಕರ ನಿಧಿಗೆ ತಡೆ ಬೀಳಲಿ. ಕೊನೆಯದು ಕಠಿಣ ಅನ್ನಿಸಬಹುದು. ಆದರೆ ತಮಗೆ ನೋವಾಗದ ಹೊರತು ಇವರು ಅಲುಗಾಡುವುದಿಲ್ಲ ಅನ್ನುವುದು ಇಷ್ಟು ವರ್ಷದಲ್ಲಿ ಗೊತ್ತಾಗಿದೆ.

ತಡ ಮಾಡುವ ಹಾಗೂ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ಆಗಿದ್ದು 2020ರ ಡಿಸೆಂಬರ್‌ನಲ್ಲಿ. ಅವುಗಳ ಐದು ವರ್ಷದ ಅವಧಿಯೂ 2026ರ ಆರಂಭದವರೆಗೆ ಮಾತ್ರ. ಅಲ್ಲಿಗೂ ಆಡಳಿತಾಧಿಕಾರಿ ಬಂದು ಕೂತರೆ ಹಳ್ಳಿಯಿಂದ ವಿಧಾನಸೌಧದವರೆಗೆ ನಡುವೆ ನಮ್ಮವರು ಅಂತ ಒಬ್ಬರೂ ಇರುವುದಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಹತ್ತಿರದ ಕೊಂಡಸಕೊಪ್ಪದಲ್ಲಿ ಎಷ್ಟೊಂದು ಪ್ರತಿಭಟನೆಯ ಟೆಂಟ್ ಬೀಳುತ್ತವೆ. ಈ ಬೇಡಿಕೆಗೂ ಒಂದು ಟೆಂಟ್ ಬೀಳಬೇಕು. ಅಲ್ಲಿಗೆ ಬರಲು ಆಗದಿದ್ದರೆ ನಿಮ್ಮ ಶಾಸಕರು ಗುದ್ದಲಿ ಪೂಜೆಗೆ ಊರಿಗೆ ಬಂದಾಗ ಒಂದೇ ಪ್ರಶ್ನೆ ಕೇಳಿ: "ಜಿಲ್ಲಾ ಪಂಚಾಯಿತಿ ಚುನಾವಣೆ ಯಾವ ತಿಂಗಳರೀ ಸಾಹೇಬ್ರ?" ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಆ ತಿಂಗಳು ಕಳೆದ ಮೇಲೆ ಮತ್ತೆ ಕೇಳಿ.