ಹಳದಿಗೆ ಪ್ರಮೋಷನ್

ಎಡಗಾಲಿನ ಕಿರುಬೆರಳು ಈಗ ಬದನೆಕಾಯಿ ಬಣ್ಣಕ್ಕಿದೆ. ಮಂಗಳವಾರ ಕರಾಟೆ ಕ್ಲಾಸಿನಲ್ಲಿ ಮವಾಶಿ ಗೆರಿ, ಅಂದರೆ ಪಕ್ಕದಿಂದ ಬೀಸಿ ಒದೆಯುವ ಪಟ್ಟು, ಹಾಕಲು ಹೋಗಿ ಎದುರಿಗಿದ್ದವನ ಮೊಣಕೈಗೆ ಬಡಿಯಿತು. ಎದುರಿಗಿದ್ದವನು ಮೂರನೇ ಕ್ಲಾಸು, ಹಳದಿ ಬೆಲ್ಟು. ನಾನು ನಲವತ್ತೊಂದರ ಬಿಳಿ ಬೆಲ್ಟು, ಅಂದರೆ ಅವನಿಗಿಂತ ಕೆಳಗೆ. "ಅಂಕಲ್, ನೋವಾಯ್ತಾ?" ಅಂದ. "ಏನಿಲ್ಲ ಪುಟ್ಟ" ಎಂದು ನಕ್ಕೆನಲ್ಲ, ಆ ನಗುವಿಗೇ ಒಂದು ಬ್ಲ್ಯಾಕ್ ಬೆಲ್ಟ್ ಕೊಡಬೇಕು.

ಸಣ್ಣ ಪೆಟ್ಟಿನ ಕರ್ಮವೇ ಇದು. ಆಫೀಸಿಗೆ ರಜೆ ಕೇಳಿದರೆ ನಗುತ್ತಾರೆ, ಶೂ ಹಾಕಿದರೆ ಪ್ರಾಣ ಹೋಗುತ್ತದೆ. ಡಾಕ್ಟರು ಒತ್ತಿ ನೋಡಿ, ಮೂಳೆ ಮುರಿದಿಲ್ಲ ಅಂದರು. ಬೆರಳ ಸಂದಿಗೆ ಹತ್ತಿ ಇಟ್ಟು, ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿದರು. ಐಸನ್ನು ಬಟ್ಟೆಯಲ್ಲಿ ಸುತ್ತಿ ಸಲಕ್ಕೆ 15 ನಿಮಿಷ ಇಡಿ, ಕಾಲು ದಿಂಬಿನ ಮೇಲಿರಲಿ, ಅಷ್ಟೇ.

ಅಮ್ಮನಿಗೆ ಈ 'ಅಷ್ಟೇ' ಸಾಲಲಿಲ್ಲ. ಐಸ್ ಇಟ್ಟರೆ ಶೀತ ಆಗುತ್ತಂತೆ. ಟೇಪು ಕಿತ್ತಳು. ಎಲೆಯಡಿಕೆ ತಟ್ಟೆಯಿಂದ ಸುಣ್ಣ ಬಂತು, ಡಬ್ಬಿಯಿಂದ ಅರಿಶಿನ. ಎರಡೂ ಕಲೆಸಿದರೆ ಕೆಂಪಾಗುತ್ತದೆಂದು ಆರತಿ ತಟ್ಟೆ ನೋಡಿದವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೂ ಗುರುವಾರ ಅದನ್ನೇ ಮೆತ್ತಿಕೊಂಡು, ಬಿಳಿ ಯೂನಿಫಾರಂ ತೊಟ್ಟು, ಸುಮ್ನೆ ಕೂತು ನೋಡೋಣ ಅಂತ ಕ್ಲಾಸಿಗೆ ಹೋದೆ.

ಚಕ್ಕಳಮಕ್ಕಳ ಹಾಕಿ ಕೂತಿದ್ದೇ ತಪ್ಪು. ಬೆವರಿಗೆ ಅದು ಕರಗಿ ಪ್ಯಾಂಟೆಲ್ಲ ಕೆಂಪು. ಮೊದಲು ನೋಡಿದ್ದು ಅದೇ ಹಳದಿ ಬೆಲ್ಟು. "ಸಾರ್, ಅಂಕಲ್‌ಗೆ ರಕ್ತ!" ಮಾಸ್ಟರು "ಯಮೆ!", ಅಂದರೆ ನಿಲ್ಲಿಸಿ, ಎಂದು ಕೂಗಿದರು. ಇಡೀ ಕ್ಲಾಸು ಕಾಲೆತ್ತಿದ್ದಲ್ಲೇ ನಿಂತಿತು. ಫಸ್ಟ್ ಏಡ್ ಡಬ್ಬಿ ಹಿಡಿದು ಓಡಿಬಂದವರಿಗೆ, "ರಕ್ತ ಅಲ್ಲ ಸಾರ್... ಅರಿಶಿನ-ಸುಣ್ಣ" ಅಂದೆ. ಮಾಸ್ಟರು ಡಬ್ಬಿ ಮುಚ್ಚಿದರು. ಹಿಂದೆ ಕೂತಿದ್ದ ಅಮ್ಮಂದಿರ ಸಾಲಿನಿಂದ ಒಬ್ಬರು, "ಬಿಸಿ ಮಾಡಿ ಹಚ್ಚಿದ್ರಾ, ಹಾಗೇನಾ?" ಅಂದರು. ಇನ್ನೊಬ್ಬರು, "ಅದಕ್ಕಿಂತ ಹುಣಸೆಹಣ್ಣು-ಉಪ್ಪು ಒಳ್ಳೇದು" ಅಂದರು. ನನ್ನ ಕಾಲನ್ನು ನಡುವೆ ಇಟ್ಟುಕೊಂಡು ಚರ್ಚೆ ಕಾಲು ಗಂಟೆ ನಡೆಯಿತು. ಕಾಲಿನ ಯಜಮಾನನನ್ನು ಯಾರೂ ಏನೂ ಕೇಳಲಿಲ್ಲ.

ಮನೆಗೆ ಬಂದು ಸೋಪು ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಕೆಂಪಾಯಿತು. ಸಿಟ್ಟಿಗೆ ನಿಂಬೆಹಣ್ಣು ಹಿಂಡಿದೆ, ಹಳದಿಗೆ ತಿರುಗಿ ಅಲ್ಲೇ ನಿಂತಿತು. ನಾನಿನ್ನೂ ಬಿಳಿ ಬೆಲ್ಟು, ಪ್ಯಾಂಟಿಗೆ ಮಾತ್ರ ಪ್ರಮೋಷನ್.

ರಾತ್ರಿ ಅಮ್ಮ ಮತ್ತೆ ಪಾದವನ್ನು ತೊಡೆ ಮೇಲೆ ಇಟ್ಟುಕೊಂಡಳು. ಸೈಕಲ್ಲಿಂದ ಬಿದ್ದ ದಿನ ಬೈಯುತ್ತಲೇ ಕಟ್ಟು ಕಟ್ಟಿದ ಕೈ. ಈಗ ಸ್ವಲ್ಪ ನಡುಗುತ್ತದೆ, ಬೈಗುಳವೂ ಕಮ್ಮಿ. ಕಾಲು ಎಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಆ ಹುಡುಗನಿಗೇನೂ ಆಗಿಲ್ವಾ?" ಅಂದಳು.

"ಅವನಿಗೇನಮ್ಮ, ಆರಾಮಾಗಿದ್ದಾನೆ."

"ಮತ್ತೆ ನೀನು ಒದ್ದಿದ್ದು ಯಾರಿಗೆ?"