ಪೇಷೆಂಟ್ ಕಡೆಯವರು ಯಾರು?

ಹೋದ ಚಳಿಗಾಲದಲ್ಲಿ ತುಮಕೂರಿನಿಂದ ನಮ್ಮಲ್ಲಿಗೆ ಬಂದಿದ್ದ ಚಿಕ್ಕಪ್ಪನಿಗೆ ಎದೆನೋವು ಕಾಣಿಸಿಕೊಂಡು, ಶಿಕಾಗೋದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ, ವೈದ್ಯೆ ನನ್ನತ್ತ ತಿರುಗಿಯೂ ನೋಡದೆ ಅವರನ್ನೇ ಕೇಳಿದರು: "ಇವರ ಎದುರಿಗೆ ಮಾತನಾಡಬಹುದೇ?" ದುಭಾಷಿಯಾಗಿ ನಿಂತವನೂ ಬಿಲ್ಲು ಕಟ್ಟಬೇಕಾದವನೂ ನಾನೇ ಆಗಿರುವಾಗ ಇದೆಂಥ ಪ್ರಶ್ನೆ ಎಂದು ಮನಸ್ಸು ಚುರುಕ್ಕೆಂದಿತು. "ಇರ್ಲಿ ಬಿಡಿ, ನಮ್ಮ ಹುಡುಗ" ಎಂದರು ಚಿಕ್ಕಪ್ಪ. ಪುಣ್ಯಕ್ಕೆ ಅದು ಬರೀ ಗ್ಯಾಸ್ಟ್ರಿಕ್.

ಆ ಕಸಿವಿಸಿಯಲ್ಲೇ 'ಇಆರ್' (ಎಮರ್ಜೆನ್ಸಿ ರೂಮ್) ಎಂಬ ಅಮೆರಿಕನ್ ಟಿವಿ ಧಾರಾವಾಹಿಯನ್ನು ಮತ್ತೆ ಮೊದಲಿನಿಂದ ನೋಡತೊಡಗಿದೆ. 1994ರಿಂದ 2009ರವರೆಗೆ ಎನ್‌ಬಿಸಿ ವಾಹಿನಿಯಲ್ಲಿ 15 ಸೀಸನ್ ಪ್ರಸಾರವಾದ ಅದು ಇದೇ ಶಿಕಾಗೋದ, ಕೌಂಟಿ ಜನರಲ್ ಎಂಬ ಕಲ್ಪಿತ ಆಸ್ಪತ್ರೆಯ ಕಥೆ. ಹಿಂದೆ ನೋಡಿದಾಗ ನನ್ನ ಕಣ್ಣು ಸ್ಟ್ರೆಚರ್‌ಗಳ ಹಿಂದೆಯೇ ಓಡುತ್ತಿತ್ತು. ಈ ಸಲ ಗಮನವೆಲ್ಲ ಕೆಟ್ಟ ಸುದ್ದಿಯನ್ನು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ. ಆ ಆಸ್ಪತ್ರೆಯ ವೈದ್ಯನೇ ಆದ ಡಾ. ಮಾರ್ಕ್ ಗ್ರೀನ್‌ನ ಮಿದುಳಿನ ಗಡ್ಡೆ ಎಂಟನೆಯ ಸೀಸನ್ನಿನಲ್ಲಿ ಮರುಕಳಿಸಿದಾಗ, ಚಿಕಿತ್ಸೆ ಸಾಕೆಂದು ತೀರ್ಮಾನಿಸಿ, ಮಗಳು ರೇಚಲ್‌ಳನ್ನು ಕರೆದುಕೊಂಡು ಹವಾಯಿಗೆ ಹೊರಡುವವನು ಅವನೇ.

ನಮ್ಮಲ್ಲಾದರೋ ಐಸಿಯು ಬಾಗಿಲನ್ನು ಅರ್ಧ ತೆರೆದು "ಪೇಷೆಂಟ್ ಕಡೆಯವರು ಯಾರ್ರೀ?" ಎಂದು ಕೂಗಿದರೆ ಕಾರಿಡಾರಿನ ತುಂಬ ಜನ ಎದ್ದು ನಿಲ್ಲುತ್ತಾರೆ, ಪೇಷೆಂಟ್ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ವಿಷಯ ತಿಳಿಯುತ್ತದೆ. ನಮ್ಮ ತಾತನಿಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾದಾಗ, "ಹೊಟ್ಟೇಲಿ ಹುಣ್ಣಾಗಿದೆ, ಖಾರ ಬಿಟ್ರೆ ವಾಸಿಯಾಗುತ್ತೆ" ಎಂದು ಸೋದರತ್ತೆ ಹೇಳಿದರು, ಮನೆಮಂದಿಯೆಲ್ಲ ಹೂಂಗುಟ್ಟಿದೆವು. ತಾತ ಶ್ರದ್ಧೆಯಿಂದ ಮೆಣಸಿನಕಾಯಿ ಬಜ್ಜಿ ಬಿಟ್ಟರು, ಸಪ್ಪೆ ಸಾರು ಉಂಡರು, ತಮ್ಮನೊಂದಿಗೆ ಬಗೆಹರಿಯದೆ ಉಳಿದಿದ್ದ ಜಮೀನಿನ ಪಾಲಿನ ಮಾತನ್ನು "ಯುಗಾದಿ ಕಳೀಲಿ" ಎಂದು ಮುಂದೂಡಿದರು. ಯುಗಾದಿಗೆ ಅವರಿರಲಿಲ್ಲ, ಪಾಲಿನ ವ್ಯಾಜ್ಯ ಈಗ ಕೋರ್ಟಿನಲ್ಲಿದೆ. ಜೀವಮಾನವಿಡೀ ಮನೆತನದ ಯಜಮಾನಿಕೆ ನಡೆಸಿದ ಮನುಷ್ಯನನ್ನು ಹಾಸಿಗೆ ಹಿಡಿದೊಡನೆ ಏನೂ ತಿಳಿಯದ ಮಗುವನ್ನಾಗಿ ಮಾಡುವುದನ್ನು ನಾವು ಪ್ರೀತಿಯೆನ್ನುತ್ತೇವೆ. ನನಗದು ಅವರ ಹಕ್ಕನ್ನು ಕಸಿದುಕೊಂಡಂತೆಯೇ ಕಾಣುತ್ತದೆ.

ಹಾಗೆಂದು, ಜೊತೆಗೆ ಯಾರೂ ಇಲ್ಲದೆ ತಮ್ಮ ಸುದ್ದಿಯನ್ನು ತಾವೊಬ್ಬರೇ ಕೇಳಿಸಿಕೊಳ್ಳುವ ರೋಗಿಗಳೂ ಆ ಧಾರಾವಾಹಿಯಲ್ಲಿ ಬಂದುಹೋಗುತ್ತಾರೆ, ಇಲ್ಲಿನ ವಾರ್ಡುಗಳಲ್ಲಿ ಅಂಥವರನ್ನು ನಾನೂ ನೋಡಿದ್ದೇನೆ. ತಾತನಿಗೆ ಆ ಪಾಡು ಬರಲಿಲ್ಲವೆಂಬುದನ್ನು ಒಪ್ಪದೆ ವಿಧಿಯಿಲ್ಲ: ಹುಣ್ಣೆಂದು ಸುಳ್ಳು ಹೇಳಿದ ಅದೇ ಸೋದರತ್ತೆ ಕೊನೆಯವರೆಗೂ ಅವರ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದರು. ಅಷ್ಟಾದರೂ, ತಾತನಿಗೆ ಹೇಳಬೇಕಿತ್ತೆಂಬ ನನ್ನ ಹಟ ಸಡಿಲಗೊಂಡಿಲ್ಲ. ಅತ್ತೆಯ ಎದುರು ಮಾತ್ರ ಅದನ್ನು ಎತ್ತುವುದಿಲ್ಲ.